ತಲಪಾಡಿಯ ಆಚೆ ಒಂದು ದರ, ಈಚೆ ಒಂದು ದರ: ಪೆಟ್ರೋಲ್ ಬೆಲೆ ಯಾರ ಕೈಯಲ್ಲಿದೆ?

ಪೆರ್ಲದ ಕೃಷಿಕ

ತಿಳಿದವರು ಸ್ವಲ್ಪ ಬಿಡಿಸಿ ಹೇಳಬೇಕು. ಮಳೆಗಾಲದಲ್ಲಿ ನಮಗೆ ಪೆಟ್ರೋಲ್ ಬೇಕಾಗುವುದು ಗಾಡಿಗೆ ಮಾತ್ರವಲ್ಲ. ಅಡಿಕೆಗೆ ಬೋರ್ಡೋ ದ್ರಾವಣ ಬಿಡುವ ಪಂಪಿಗೂ ಹುಲ್ಲು ಕತ್ತರಿಸುವ ಯಂತ್ರಕ್ಕೂ ಅದೇ ಬೇಕು. ಹಾಗಾಗಿ ಬಂಕಿನ ಫಲಕದ ಮೇಲೆ ನನ್ನ ಕಣ್ಣು ಸದಾ ಇರುತ್ತದೆ. ಸಾರಡ್ಕದ ಗಡಿ ದಾಟಿ ಕರ್ನಾಟಕದ ಕಡೆ ಹೋದರೆ ಒಂದು ದರ, ಇತ್ತ ಕೇರಳದ ಬದಿಯಡ್ಕದ ಕಡೆ ಬಂದರೆ ಇನ್ನೊಂದು ದರ. ಮಂಗಳೂರು ದಾರಿಯ ತಲಪಾಡಿ ಗಡಿಯಲ್ಲೂ ಹೀಗೆಯೇ. ಇದು ಎಲ್ಲರಿಗೂ ಗೊತ್ತಿರುವ ಮಾತು.

ನನ್ನ ಪ್ರಶ್ನೆ ಅದಕ್ಕಿಂತ ಮುಂದಿನದು. ಅಮೆರಿಕದಲ್ಲಿರುವ ನನ್ನ ಅಣ್ಣನ ಮಗಳು ಹೇಳುತ್ತಾಳೆ, ಅವಳ ಮನೆಯ ಹತ್ತಿರದ ಬಂಕಿನಲ್ಲಿ ಬೆಳಿಗ್ಗೆ ಇದ್ದ ದರ ಸಂಜೆಗೆ ಇರುವುದಿಲ್ಲವಂತೆ. ನಮ್ಮಲ್ಲಿಯೂ ದಿನದಿನವೂ ದರ ಬದಲಾಗುತ್ತದೆ ಎಂದು 2017ರಲ್ಲಿ ಸಾರಿದರು. ಮೊದಲು ಹಾಗೆಯೇ ಆಗುತ್ತಿತ್ತು. ಆದರೆ 2022ರ ಬಳಿಕ ಆ ಅಂಕಿ ಅಲುಗಾಡಿದ್ದೇ ಅಪರೂಪ. ಇಷ್ಟರ ನಡುವೆ ಯುದ್ಧಗಳಾದವು, ಕಚ್ಚಾತೈಲ ಏರಿತು, ಇಳಿಯಿತು. ಅಲ್ಲಿ ಅಷ್ಟು ಬೇಗ ಬದಲಾಗುವುದೇಕೆ? ಇಲ್ಲಿ ಬದಲಾಗದೆ ಕುಳಿತಿರುವುದೇಕೆ?

ಬಂಕ್ ಮ್ಯಾನೇಜರ್, ಉಪ್ಪಳ ಕಡೆ

ಅಣ್ಣಾ, ನನಗೆ ಗೊತ್ತಿರುವ ಭಾಗವನ್ನು ಹೇಳುತ್ತೇನೆ. 2017ರ ಜೂನ್ 16ಕ್ಕೆ ಮೊದಲು ತಿಂಗಳ 1 ಮತ್ತು 16ನೆಯ ತಾರೀಕಿಗೆ ದರ ಪರಿಷ್ಕರಣೆ ಆಗುತ್ತಿತ್ತು. ದಿನವಹಿ ದರವನ್ನು ಅದೇ ವರ್ಷ ಮೇ 1ರಿಂದ ಪುದುಚೇರಿ, ವಿಶಾಖಪಟ್ಟಣ, ಉದಯಪುರ, ಜಮ್ಶೆಡ್‌ಪುರ, ಚಂಡೀಗಢ ಈ ಐದು ಕಡೆ ಪ್ರಯೋಗಕ್ಕೆ ತಂದು, ಬಳಿಕ ಇಡೀ ದೇಶಕ್ಕೆ ವಿಸ್ತರಿಸಿದರು. ಮೊದಲು ಮಧ್ಯರಾತ್ರಿಯೇ ದರ ಬದಲಿಸಬೇಕೆಂದಿತ್ತು. ಪ್ರತಿ ರಾತ್ರಿ ಹನ್ನೆರಡಕ್ಕೆ ಎಚ್ಚರವಿದ್ದು ಯಂತ್ರದಲ್ಲಿ ದರ ಹಾಕುವುದು ಆಗದ ಮಾತು ಎಂದು ಡೀಲರುಗಳು ಪಟ್ಟು ಹಿಡಿದರು. ಹೀಗೆ ಬೆಳಿಗ್ಗೆ 6 ಗಂಟೆ ಬಂತು.

ಈಗ ಹೆಚ್ಚಿನ ಬಂಕುಗಳಲ್ಲಿ ಯಾರೂ ಕೈಯಿಂದ ದರ ಹಾಕಬೇಕಾಗಿಲ್ಲ. ಕಂಪನಿಯ ಸರ್ವರಿನಿಂದ ನೇರವಾಗಿ ಯಂತ್ರಕ್ಕೆ ದರ ಬರುತ್ತದೆ. ಆರು ಗಂಟೆಗೆ ಯಾರಿಗಾದರೂ ಪೆಟ್ರೋಲ್ ಹಾಕುತ್ತಿದ್ದರೆ ಆ ಮಾರಾಟ ಹಳೆಯ ದರದಲ್ಲೇ ಮುಗಿಯುತ್ತದೆ, ಮುಂದಿನವರಿಗೆ ಹೊಸದು. ನಮಗೆ ಸಿಗುವುದು ಲೀಟರಿನ ಮೇಲೆ ನಿಗದಿಯಾದ ಕಮಿಷನ್: ಪೆಟ್ರೋಲಿಗೆ ಸುಮಾರು ನಾಲ್ಕು ರೂಪಾಯಿ, ಡೀಸೆಲಿಗೆ ಅದಕ್ಕಿಂತ ಕಡಿಮೆ. ದರ ಏರಲಿ ಇಳಿಯಲಿ, ಅದನ್ನು ತೀರ್ಮಾನಿಸುವವರು ನಾವಲ್ಲ. ಫಲಕ ನೋಡಿ ನಮ್ಮ ಹುಡುಗರನ್ನು ಬೈಯುವವರಿಗೆ ಇದೊಂದು ತಿಳಿದಿದ್ದರೆ ಸಾಕು.

ಬದಿಯಡ್ಕದವಳು, ಈಗ ಒಹಾಯೊ

ಚಿಕ್ಕಪ್ಪಾ, ನೀವು ಕೇಳಿದ ಬಂಕಿನ ಕಥೆಯನ್ನು ನಾನೇ ಬರೆಯುತ್ತೇನೆ.

ಮ್ಯಾನೇಜರ್ ಅಣ್ಣ ಹೇಳಿದ್ದಕ್ಕೆ ಇಲ್ಲಿ ಪೂರ್ತಿ ವಿರುದ್ಧ. ದರ ಹಾಕುವವನು ಅಂಗಡಿಯವನೇ. ಮೇಲಿನ ಫಲಕ ದೊಡ್ಡ ಕಂಪನಿಯ ಹೆಸರು ಹೊತ್ತಿದ್ದರೂ ಹೆಚ್ಚಿನ ಬಂಕುಗಳು ಸಣ್ಣ ಮಾಲಕರವು. ಎಷ್ಟೋ ಮಂದಿಗೆ ಇರುವುದು ಒಂದೇ ಬಂಕು. ಅವನು ತನ್ನ ಟ್ಯಾಂಕರ್ ಲೋಡನ್ನು ಸಗಟು ಡಿಪೊದಿಂದ ಆ ದಿನದ ದರಕ್ಕೆ ಕೊಳ್ಳುತ್ತಾನೆ, ಆ ಸಗಟು ದರ ದಿನವೂ ಬದಲಾಗುತ್ತದೆ. ನೆಲದಡಿಯ ತೊಟ್ಟಿಯಲ್ಲಿ ಇರುವ ಪೆಟ್ರೋಲಿಗೆ ಎಷ್ಟು ಕೊಟ್ಟೆ ಎಂಬುದಕ್ಕಿಂತ, ಅದು ಮುಗಿದ ಮೇಲೆ ಮುಂದಿನ ಲೋಡಿಗೆ ಎಷ್ಟು ಕೊಡಬೇಕಾದೀತು ಎಂಬುದೇ ಅವನಿಗೆ ಮುಖ್ಯ. ನಮ್ಮ ಅಡಿಕೆ ವ್ಯಾಪಾರಿ ಹಾಗೆಯೇ ಅಲ್ಲವೇ? ಗೋದಾಮಿನಲ್ಲಿರುವ ಚೀಲವನ್ನು ಹೋದ ತಿಂಗಳು ಯಾವ ಧಾರಣೆಗೆ ಕೊಂಡಿದ್ದರೂ ಅವನು ಮಾರುವುದು ಇಂದಿನ ಮಂಗಳೂರು ಮಾರುಕಟ್ಟೆಯ ಧಾರಣೆಗೆ.

ಎರಡನೆಯದು ಪೈಪೋಟಿ. ಒಂದೇ ಕೂಡುರಸ್ತೆಯ ನಾಲ್ಕು ಮೂಲೆಗಳಲ್ಲಿ ಮೂರು ಬಂಕುಗಳಿರುತ್ತವೆ. ದರ ದೂರದಿಂದಲೇ ಕಾಣುವಂತೆ ಎತ್ತರದ ಕಂಬದಲ್ಲಿ ಉರಿಯುತ್ತಿರುತ್ತದೆ. ಬೇರೆ ಯಾವ ಸಾಮಾನಿನ ಬೆಲೆಯನ್ನೂ ಹೀಗೆ ರಸ್ತೆಯಲ್ಲಿ ಹೋಗುತ್ತಾ ಓದುವುದಿಲ್ಲ. ಗ್ಯಾಲನಿಗೆ (ಸುಮಾರು 3.8 ಲೀಟರ್) ಎರಡು ಸೆಂಟು ಕಡಿಮೆ ಕಂಡರೆ ಜನ ಗಾಡಿ ತಿರುಗಿಸುತ್ತಾರೆ. ಮಾಲಕನಿಗೆ ಪೆಟ್ರೋಲಿನಲ್ಲಿ ಉಳಿಯುವುದು ಅಲ್ಪ, ನಿಜವಾದ ಲಾಭ ಒಳಗಿನ ಅಂಗಡಿಯ ಕಾಫಿ, ತಿಂಡಿಯಲ್ಲಿ. ಗಾಡಿಯೇ ಒಳಗೆ ಬರದಿದ್ದರೆ ಕಾಫಿ ಕುಡಿಯುವವರು ಯಾರು? ಅದಕ್ಕೇ ಎದುರಿನವನು ಇಳಿಸಿದ ಅರ್ಧ ಗಂಟೆಯೊಳಗೆ ಇವನೂ ಇಳಿಸುತ್ತಾನೆ.

ನಮ್ಮ ಒಹಾಯೊದಂಥ ಮಧ್ಯಪಶ್ಚಿಮದ ರಾಜ್ಯಗಳಲ್ಲಿ ಇನ್ನೊಂದು ಆಟವಿದೆ. ದಿನವೂ ಒಂದೆರಡು ಸೆಂಟು ಇಳಿಯುತ್ತಾ ಇಳಿಯುತ್ತಾ ಯಾರಿಗೂ ಏನೂ ಉಳಿಯದ ಹಂತಕ್ಕೆ ಬಂದಾಗ, ದೊಡ್ಡ ಸರಣಿಯ ಬಂಕೊಂದು ಒಮ್ಮೆಲೇ ಇಪ್ಪತ್ತು ಮೂವತ್ತು ಸೆಂಟು ಏರಿಸುತ್ತದೆ. ಕೆಲವೇ ಗಂಟೆಗಳಲ್ಲಿ ಊರಿನ ಉಳಿದವರೂ ಏರಿಸುತ್ತಾರೆ. ಮತ್ತೆ ಸೆಂಟು ಸೆಂಟಾಗಿ ಇಳಿತ ಶುರು. ಕಚ್ಚಾತೈಲ ಆ ವಾರ ಕದಲದೆ ಇದ್ದರೂ ಇದು ನಡೆಯುತ್ತದೆ.

ಕುಂಬಳೆಯ ನಿವೃತ್ತ ಮಾಸ್ತರ್

ಮಗಳು ಚೆನ್ನಾಗಿ ವಿವರಿಸಿದ್ದಾಳೆ. ಅದಕ್ಕೆ ಒಂದು ಮಾತು ಸೇರಿಸಬೇಕು. ಅಮೆರಿಕದಲ್ಲಿ ಬಂಕಿನ ದರದಲ್ಲಿ ಸುಮಾರು ಅರ್ಧದಷ್ಟು ಕಚ್ಚಾತೈಲದ್ದೇ ಬೆಲೆ. ಅವರ ಕೇಂದ್ರ ತೆರಿಗೆ ಗ್ಯಾಲನಿಗೆ 18.4 ಸೆಂಟು. 1993ರಿಂದ ಅದು ಬದಲಾಗಿಲ್ಲ. ರಾಜ್ಯಗಳ ತೆರಿಗೆ ಸೇರಿದರೂ ತೆರಿಗೆಯ ಪಾಲು ಚಿಕ್ಕದು. ಹಾಗಾಗಿ ತೈಲ ಮಾರುಕಟ್ಟೆ ನಡುಗಿದರೆ ಆ ನಡುಕ ನೇರವಾಗಿ ಫಲಕಕ್ಕೆ ಬರುತ್ತದೆ. ನಮ್ಮಲ್ಲಿ ಹಾಗಲ್ಲ. 2025ರ ಲೆಕ್ಕ ಹಿಡಿಯಿರಿ: ಲೀಟರ್ ಪೆಟ್ರೋಲಿಗೆ ಕೇಂದ್ರದ ಅಬಕಾರಿ ಸುಂಕ 21.90 ರೂಪಾಯಿ, ಡೀಲರ್ ಕಮಿಷನ್ ಎಲ್ಲ ಸೇರಿ ರಾಜ್ಯದ ತೆರಿಗೆ ಬೀಳುವ ಮೊದಲು ಸುಮಾರು 79 ರೂಪಾಯಿ. ಅದರ ಮೇಲೆ ಕೇರಳದ ತೆರಿಗೆ, ಸೆಸ್ ಬಿದ್ದು 106ರ ಆಸುಪಾಸಿಗೆ ಬರುತ್ತದೆ. ಎರಡೂ ಸರ್ಕಾರಗಳ ಪಾಲು ಕೂಡಿಸಿದರೆ ಹತ್ತಿರಹತ್ತಿರ ಅರ್ಧ. ಬೆಲೆಯ ಅರ್ಧ ಭಾಗ ಮಾರುಕಟ್ಟೆಯ ಮಾತನ್ನೇ ಕೇಳುವುದಿಲ್ಲ ಎಂದ ಮೇಲೆ ಕಚ್ಚಾತೈಲ ಶೇಕಡಾ ಹತ್ತು ಇಳಿದರೂ ನಮ್ಮ ಫಲಕದಲ್ಲಿ ಅಷ್ಟು ಇಳಿಯಲಾರದು.

ಆದರೆ ಅಷ್ಟಾದರೂ ಇಳಿಯಬೇಕಲ್ಲ? ಕೃಷಿಕರ ಪ್ರಶ್ನೆ ಅದೇ. ಕಾಗದದ ಮೇಲೆ ನಮ್ಮ ಬೆಲೆ ಸ್ವತಂತ್ರ. ಪೆಟ್ರೋಲನ್ನು 2010ರ ಜೂನ್‌ನಲ್ಲಿ ಸರ್ಕಾರದ ಹಿಡಿತದಿಂದ ಬಿಟ್ಟರು. ಡೀಸೆಲಿಗೆ 2013ರ ಜನವರಿಯಿಂದ ತಿಂಗಳಿಗೆ ಸುಮಾರು ಐವತ್ತು ಪೈಸೆಯಂತೆ ಏರಿಸುತ್ತಾ ಬಂದು 2014ರ ಅಕ್ಟೋಬರ್‌ನಲ್ಲಿ ಪೂರ್ತಿ ಬಿಟ್ಟರು. ಅಂದಿನಿಂದ ಬೆಲೆ ನಿಗದಿ ತೈಲ ಕಂಪನಿಗಳ ಕೆಲಸ. ದೊಡ್ಡ ಮೂರು ಕಂಪನಿಗಳೂ ಸರ್ಕಾರಿ ಸ್ವಾಮ್ಯದವು ಎಂಬುದನ್ನು ಮರೆಯಬೇಡಿ. 2018ರಲ್ಲಿ ಕರ್ನಾಟಕ ವಿಧಾನಸಭೆಯ ಮತದಾನ ಮೇ 12ಕ್ಕೆ ಇತ್ತು. ಅದಕ್ಕೆ ಮೊದಲು ಏಪ್ರಿಲ್ ಕೊನೆಯ ವಾರದಿಂದ ದರ ನಿಂತೇಬಿಟ್ಟಿತ್ತು. ಮತ ಬಿದ್ದು ಎರಡು ದಿನವಾಗುತ್ತಲೇ ಏರತೊಡಗಿತು. 2021ರ ನವೆಂಬರ್‌ನಿಂದ 2022ರ ಮಾರ್ಚ್ 21ರ ತನಕ, ಐದು ರಾಜ್ಯಗಳ ಚುನಾವಣೆಯ ಕಾಲ, ಮತ್ತೆ ಸ್ತಬ್ಧ. ಮಾರ್ಚ್ 22ರಿಂದ ಏಪ್ರಿಲ್ 6ರೊಳಗೆ ಸುಮಾರು 10 ರೂಪಾಯಿ ಏರಿಕೆ. ಇದನ್ನು ಮಾರುಕಟ್ಟೆಯ ದರ ಎಂದು ಒಪ್ಪಲು ನನ್ನ ಮನಸ್ಸು ಸಿದ್ಧವಿಲ್ಲ.

ಹೊಸಂಗಡಿಯ ಟೆಂಪೊ ಚಾಲಕ

ಮಾಸ್ತರರೇ, ನೀವು 2020ನ್ನು ಬಿಟ್ಟಿರಿ. ನಾವು ಬಿಡುವ ಹಾಗಿಲ್ಲ. ಕೊರೊನಾ ಕಾಲದಲ್ಲಿ ತಲಪಾಡಿಯಲ್ಲಿ ರಸ್ತೆ ಮುಚ್ಚಿ, ಬಾಡಿಗೆ ಇಲ್ಲದೆ ಮನೆಯಲ್ಲಿ ಕುಳಿತಿದ್ದೆವು. ಕಚ್ಚಾತೈಲ ನೆಲಕಚ್ಚಿದೆ, ಅಮೆರಿಕದಲ್ಲಿ ಬ್ಯಾರೆಲಿನ ಬೆಲೆ ಸೊನ್ನೆಗಿಂತ ಕೆಳಗೆ ಹೋಗಿದೆ ಎಂದು ಟಿವಿಯಲ್ಲಿ ಹೇಳುತ್ತಿದ್ದರು. ರಸ್ತೆ ತೆರೆದಾಗ ಡೀಸೆಲ್ ಅಗ್ಗವಾಗಿರುತ್ತದೆ, ಒಂದಿಷ್ಟು ಸುಧಾರಿಸಿಕೊಳ್ಳಬಹುದು ಎಂದು ಆಸೆಪಟ್ಟಿದ್ದೆವು. ಆಗಿದ್ದೇನು?

ಕುಂಬಳೆಯ ನಿವೃತ್ತ ಮಾಸ್ತರ್

ನಿಮ್ಮ ಸಿಟ್ಟು ನ್ಯಾಯವಾದದ್ದು. ಆ ವರ್ಷ ಮಾರ್ಚ್ 14ರಂದು ಅಬಕಾರಿ ಸುಂಕ 3 ರೂಪಾಯಿ ಏರಿತು. ಅಮೆರಿಕದ ಆ ಸೊನ್ನೆಗಿಂತ ಕೆಳಗಿನ ದರ ಏಪ್ರಿಲ್ 20ರದ್ದು. ಎರಡು ವಾರ ಕಳೆಯುತ್ತಲೇ, ಮೇ 6ರಿಂದ, ಪೆಟ್ರೋಲಿಗೆ ಇನ್ನೂ 10, ಡೀಸೆಲಿಗೆ 13 ರೂಪಾಯಿ ಸುಂಕ ಬಿತ್ತು. ತೈಲ ಅಗ್ಗವಾಗಿ ಉಳಿದ ಹಣ ನೇರವಾಗಿ ಬೊಕ್ಕಸಕ್ಕೆ ಹೋಯಿತು. ಅದರಲ್ಲಿ ಬಹುಪಾಲು ವಿಶೇಷ ಸುಂಕ, ಸೆಸ್ ರೂಪದ್ದು. ರಾಜ್ಯಗಳಿಗೆ ಪಾಲು ಸಿಗುವುದು ಮೂಲ ಅಬಕಾರಿ ಸುಂಕದಲ್ಲಿ ಮಾತ್ರ.

ಇನ್ನೊಂದು ಮಗ್ಗುಲನ್ನೂ ಹೇಳಬೇಕು. 2022ರಲ್ಲಿ ಉಕ್ರೇನ್ ಯುದ್ಧದಿಂದ ತೈಲ ಏರಿದಾಗ ಏಪ್ರಿಲ್ 6ರ ಬಳಿಕ ಕಂಪನಿಗಳು ದರ ಏರಿಸದೆ ನಷ್ಟ ಹೊತ್ತವು. ಆ ಹಣಕಾಸು ವರ್ಷದ ಮೊದಲ ಆರು ತಿಂಗಳಲ್ಲಿ (ಏಪ್ರಿಲ್‌ನಿಂದ ಸೆಪ್ಟೆಂಬರ್) ಮೂರೂ ಕಂಪನಿಗಳಿಗೆ ಸೇರಿ 21 ಸಾವಿರ ಕೋಟಿಗೂ ಮಿಕ್ಕಿದ ನಷ್ಟ. ಮುಂದೆ ತೈಲ ಇಳಿದರೂ ದರ ಇಳಿಸದೆ ಅದನ್ನು ತುಂಬಿಕೊಂಡವು. 2023–24ರಲ್ಲಿ ಅವುಗಳ ಒಟ್ಟು ಲಾಭ ಸುಮಾರು 81 ಸಾವಿರ ಕೋಟಿ. ಇಷ್ಟಾದ ಮೇಲೆ ನಮಗೆ ಸಿಕ್ಕಿದ್ದು 2024ರ ಮಾರ್ಚ್‌ನ 2 ರೂಪಾಯಿ ಇಳಿಕೆ, ಅದೂ ಲೋಕಸಭಾ ಚುನಾವಣೆ ಘೋಷಣೆಯಾಗುವ ಹೊತ್ತಿಗೆ. 2025ರ ಏಪ್ರಿಲ್‌ನಲ್ಲಿ ಕೇಂದ್ರ ಮತ್ತೆ 2 ರೂಪಾಯಿ ಸುಂಕ ಹಾಕಿತು. ತೈಲ ಇಳಿದಿದ್ದರಿಂದ ಅದನ್ನು ಕಂಪನಿಗಳೇ ನುಂಗಿಕೊಂಡವು. ಫಲಕ ಕದಲಲಿಲ್ಲ, ಆದರೆ ನಮಗೆ ಇಳಿಯಬಹುದಾಗಿದ್ದ 2 ರೂಪಾಯಿ ಹೋಯಿತು. ದರ ಬದಲಾಗದ ದಿನವೂ ಒಳಗೊಳಗೇ ಬದಲಾವಣೆ ನಡೆದಿರುತ್ತದೆ. ನಾವು ಗಮನಿಸಬೇಕಾದದ್ದು ಅದನ್ನು.

ಶಾರ್ಜಾದಿಂದ ಮಂಜೇಶ್ವರದವನು

ನಮ್ಮೂರಿನ ಅರ್ಧ ಜನ ಕೊಲ್ಲಿಯಲ್ಲಿದ್ದೇವೆ, ಇಲ್ಲಿನದೂ ಬರಲಿ. ಯುಎಇಯಲ್ಲಿ 2015ರ ಆಗಸ್ಟ್‌ನಿಂದ ತಿಂಗಳಿಗೊಮ್ಮೆ ದರ ಪರಿಷ್ಕರಣೆ. ತಿಂಗಳ ಕೊನೆಗೆ ಮುಂದಿನ ತಿಂಗಳ ದರ ಘೋಷಣೆಯಾಗುತ್ತದೆ, ಎಲ್ಲ ಬಂಕುಗಳಲ್ಲೂ ಒಂದೇ. ಏರಿಕೆ ಎಂದು ಗೊತ್ತಾದ ಸಂಜೆ ಬಂಕುಗಳ ಮುಂದೆ ಸಾಲು ಬೆಳೆಯುತ್ತದೆ. ಅಂತರರಾಷ್ಟ್ರೀಯ ಬೆಲೆ ಇಳಿದ ತಿಂಗಳು ಇಲ್ಲಿಯೂ ಇಳಿಯುತ್ತದೆ. ತೈಲದ ನೆಲದಲ್ಲೇ ಹೀಗೆ ಏರಿಳಿತ ಒಪ್ಪಿಕೊಂಡಿದ್ದಾರೆ. ಬಳಸುವ ಕಚ್ಚಾತೈಲದಲ್ಲಿ ಶೇಕಡಾ 85ಕ್ಕಿಂತ ಹೆಚ್ಚು ಆಮದು ಮಾಡಿಕೊಳ್ಳುವ ನಮ್ಮಲ್ಲಿ ಏಕೆ ಆಗುವುದಿಲ್ಲ?

ಮುಳ್ಳೇರಿಯದ ನೌಕರ

ಎಲ್ಲರೂ ದೆಹಲಿಯ ಮಾತಾಡುತ್ತಿದ್ದೀರಿ. ತಲಪಾಡಿಯ ವ್ಯತ್ಯಾಸಕ್ಕೆ ದೆಹಲಿ ಕಾರಣವಲ್ಲ, ಎರಡೂ ಕಡೆ ಕೇಂದ್ರದ ಸುಂಕ ಒಂದೇ. ಗಡಿಯ ಅಂತರಕ್ಕೆ ರಾಜ್ಯಗಳ ತೆರಿಗೆಯೇ ಕಾರಣ.

ಕೇರಳದಲ್ಲಿ ಪೆಟ್ರೋಲಿಗೆ ಶೇಕಡಾ 30.08 ಮಾರಾಟ ತೆರಿಗೆ, ಡೀಸೆಲಿಗೆ 22.76. ಅದರ ಮೇಲೆ ಲೀಟರಿಗೆ 1 ರೂಪಾಯಿ ಹೆಚ್ಚುವರಿ ತೆರಿಗೆ, ಶೇಕಡಾ 1 ಸೆಸ್. 2023ರ ಏಪ್ರಿಲ್ 1ರಿಂದ ಲೀಟರಿಗೆ 2 ರೂಪಾಯಿ ಸಾಮಾಜಿಕ ಭದ್ರತಾ ಸೆಸ್. ಈ ಕೊನೆಯದನ್ನು ಬೈಯುವವರು ನಮ್ಮ ಊರಿನ ಮುದುಕಿಯರ ಕೈಗೆ ತಲುಪುವ ಪಿಂಚಣಿಯನ್ನೂ ನೆನಪಿಸಿಕೊಳ್ಳಬೇಕು. ಆಗ ತಿಂಗಳಿಗೆ 1,600 ರೂಪಾಯಿ ಇತ್ತು. ಅದು ಬಾಕಿ ಬಿದ್ದಾಗ ಆಗುವ ಕಷ್ಟವನ್ನು ನಾನು ಹತ್ತಿರದಿಂದ ನೋಡಿದ್ದೇನೆ. 2018ರ ಜೂನ್ 1ರಿಂದ ಕೇರಳ ತಾನಾಗಿ 1 ರೂಪಾಯಿ ಇಳಿಸಿದ್ದೂ ಉಂಟು. 30.08 ಎಂಬ ವಿಚಿತ್ರ ಅಂಕಿ ಬಂದದ್ದೇ ಆಗ.

ಕರ್ನಾಟಕದ ಕಡೆ ಯಾವಾಗಲೂ ಅಗ್ಗವಿತ್ತು ಎಂಬುದೂ ಸರಿಯಲ್ಲ. 2021ರ ನವೆಂಬರಿಗೆ ಮೊದಲು ಅಲ್ಲಿ ಪೆಟ್ರೋಲಿಗೆ ಶೇಕಡಾ 35, ಡೀಸೆಲಿಗೆ 24 ತೆರಿಗೆ. ಕೇಂದ್ರ ಸುಂಕ ಇಳಿಸಿದಾಗ ಕರ್ನಾಟಕ ತನ್ನ ಪಾಲಿಗೆ 7 ರೂಪಾಯಿ ಇಳಿಸಿತು, ಕೇರಳ ತೆರಿಗೆಯ ಪ್ರಮಾಣವನ್ನು ಬದಲಿಸಲಿಲ್ಲ. ಅಂದಿನಿಂದ ಅಂತರ ದೊಡ್ಡದಾಯಿತು. 2024ರ ಜೂನ್ 15ರಂದು ಕರ್ನಾಟಕ ಪೆಟ್ರೋಲಿನ ತೆರಿಗೆಯನ್ನು 25.92ರಿಂದ 29.84ಕ್ಕೆ, ಡೀಸೆಲಿನದನ್ನು 14.34ರಿಂದ 18.44ಕ್ಕೆ ಏರಿಸಿತು. 2025ರ ಏಪ್ರಿಲ್ 1ರಂದು ಡೀಸೆಲ್ 21.17ಕ್ಕೆ ಹೋಯಿತು. ಮೊದಲು ಡೀಸೆಲಿನಲ್ಲಿ ಎಂಟು ಹತ್ತು ರೂಪಾಯಿ ಇದ್ದ ಅಂತರ ಆಗ ಐದರ ಆಸುಪಾಸಿಗೆ ಇಳಿಯಿತು.

ಹೊಸಂಗಡಿಯ ಟೆಂಪೊ ಚಾಲಕ

ಪಿಂಚಣಿ ಬೇಡವೆಂದು ಯಾರೂ ಹೇಳುವುದಿಲ್ಲ ಸಾರ್. ನನ್ನ ಅಮ್ಮನಿಗೂ ಬರುತ್ತದೆ. ಆದರೆ ಅಂತರ ದೊಡ್ಡದಿದ್ದಾಗ ನಮ್ಮ ಕಡೆಯ ಲಾರಿ, ಟೆಂಪೊ, ಬಸ್ಸು ಎಲ್ಲವೂ ತಲಪಾಡಿ ದಾಟಿಯೇ ಡೀಸೆಲ್ ತುಂಬಿಸುತ್ತಿದ್ದವು. ದಕ್ಷಿಣಕ್ಕೆ ಹೋಗುವವರು ಪುದುಚೇರಿಗೆ ಸೇರಿದ ಮಾಹೆಯ ತನಕ ತಡೆದುಕೊಂಡು, ಅಲ್ಲಿನ ಕಡಿಮೆ ತೆರಿಗೆಯಲ್ಲಿ ತುಂಬಿಸುತ್ತಾರೆ. ಆ ಡೀಸೆಲಿನ ತೆರಿಗೆ ಒಂದು ರೂಪಾಯಿಯೂ ಕೇರಳಕ್ಕೆ ಸಿಗುವುದಿಲ್ಲ. ಹೆಚ್ಚು ತೆರಿಗೆ ಹಾಕಿ ಗಿರಾಕಿಯನ್ನೇ ಕಳೆದುಕೊಂಡರೆ ಪಿಂಚಣಿಗೆ ಹಣ ಎಲ್ಲಿಂದ?

ಬಂಕ್ ಮ್ಯಾನೇಜರ್, ಉಪ್ಪಳ ಕಡೆ

ಅದನ್ನು ನಮ್ಮಷ್ಟು ಅನುಭವಿಸಿದವರು ಇಲ್ಲ. ತಲಪಾಡಿಯಿಂದ ಕುಂಬಳೆಯವರೆಗಿನ ಬಂಕುಗಳಿಗೆ ಬರುವುದು ಹೆಚ್ಚಾಗಿ ಸ್ಕೂಟರ್, ರಿಕ್ಷಾದವರು. ದೊಡ್ಡ ಟ್ಯಾಂಕಿನ ಗಾಡಿಗಳು ಊರು ದಾಟುವಷ್ಟು ಮಾತ್ರ ಹಾಕಿಸಿಕೊಂಡು ಹೋಗುತ್ತವೆ. ಎಂಆರ್‌ಪಿಎಲ್ ಸಂಸ್ಕರಣಾಗಾರ ಮಂಗಳೂರಿನಲ್ಲೇ ಇದ್ದರೂ ನಮಗೆ ಅದರಿಂದ ಅಗ್ಗವಾಗುವುದಿಲ್ಲ, ಮಾರಾಟ ನಡೆಯುವ ರಾಜ್ಯದ ತೆರಿಗೆಯೇ ಲೆಕ್ಕ.

ದರ ಒಮ್ಮೆಲೇ ಇಳಿದಾಗ ಡೀಲರಿಗೆ ಆಗುವುದನ್ನೂ ಹೇಳುತ್ತೇನೆ. 2021ರ ನವೆಂಬರ್ 3ರ ಸಂಜೆ ಸುಂಕ ಇಳಿಕೆಯ ಸುದ್ದಿ ಬಂತು, ಮರುದಿನ ದೀಪಾವಳಿ. ಡೀಸೆಲಿಗೆ 10 ರೂಪಾಯಿ, ಪೆಟ್ರೋಲಿಗೆ 5. ಹಬ್ಬದ ರಜೆಗೆಂದು ಎಲ್ಲರೂ ತೊಟ್ಟಿ ತುಂಬಿಸಿಟ್ಟಿದ್ದರು. ನಾವು ಸರಕು ಕೊಳ್ಳುವುದು ಮುಂಗಡ ಹಣ ಕೊಟ್ಟು, ಸುಂಕ ಅದರಲ್ಲೇ ಸೇರಿರುತ್ತದೆ. ಹದಿನೈದು ಸಾವಿರ ಲೀಟರ್ ಡೀಸೆಲ್ ತೊಟ್ಟಿಯಲ್ಲಿದ್ದವನಿಗೆ ಒಂದು ರಾತ್ರಿಯಲ್ಲಿ ಒಂದೂವರೆ ಲಕ್ಷ ಕರಗಿತು. ಬೆಳಿಗ್ಗೆ ಡಿಪ್ ರಾಡ್ ಇಳಿಸಿ ಸ್ಟಾಕ್ ಅಳೆಯುವಾಗ ಕೈ ನಡುಗುತ್ತಿತ್ತು. 2022ರ ಮೇ 31ರಂದು ಹಲವು ರಾಜ್ಯಗಳ ಡೀಲರುಗಳು ಕಂಪನಿಗಳಿಂದ ಸರಕು ಕೊಳ್ಳದೆ ಪ್ರತಿಭಟಿಸಿದ್ದರ ಹಿಂದೆ ಕಮಿಷನ್ನಿನ ಬೇಡಿಕೆಯ ಜೊತೆ ಈ ನೋವೂ ಇತ್ತು. ನಿಜ ಹೇಳಬೇಕೆಂದರೆ ದಿನಕ್ಕೆ ಹತ್ತು ಇಪ್ಪತ್ತು ಪೈಸೆ ಬದಲಾಗುತ್ತಿದ್ದ ಕಾಲವೇ ನಮಗೆ ಒಳ್ಳೆಯದಿತ್ತು. ಒಮ್ಮೆ ಲಾಭ, ಒಮ್ಮೆ ನಷ್ಟ, ಸರಿದೂಗುತ್ತಿತ್ತು.

ಬದಿಯಡ್ಕದವಳು, ಈಗ ಒಹಾಯೊ

ಪೆಟ್ರೋಲ್, ಡೀಸೆಲನ್ನು ದೇಶಕ್ಕೆಲ್ಲ ಒಂದೇ ಪ್ರಮಾಣದ ಜಿಎಸ್‌ಟಿಗೆ ತಂದರೆ ತಲಪಾಡಿಯ ಅಂತರವೇ ಇಲ್ಲವಾಗುತ್ತದಲ್ಲ?

ಕುಂಬಳೆಯ ನಿವೃತ್ತ ಮಾಸ್ತರ್

ಬಹುಮಟ್ಟಿಗೆ ಇಲ್ಲವಾದೀತು, ಸಾಗಾಟದ ವೆಚ್ಚದ ವ್ಯತ್ಯಾಸ ಮಾತ್ರ ಉಳಿಯುತ್ತದೆ. ಈಗಲೂ ಕೊಚ್ಚಿಗಿಂತ ತಿರುವನಂತಪುರದಲ್ಲಿ ದರ ಹೆಚ್ಚಿರುವುದು ಅದರಿಂದಲೇ. ಪ್ರಶ್ನೆ ಕೇರಳ ಹೈಕೋರ್ಟಿನವರೆಗೂ ಹೋಗಿತ್ತು. ಆ ನ್ಯಾಯಾಲಯದ ಸೂಚನೆಯಂತೆ 2021ರ ಸೆಪ್ಟೆಂಬರ್ 17ರಂದು ಲಕ್ನೋದಲ್ಲಿ ಸೇರಿದ ಜಿಎಸ್‌ಟಿ ಮಂಡಳಿ ಚರ್ಚಿಸಿ, ಇದು ಕಾಲವಲ್ಲ ಎಂದಿತು. ಯಾವ ಪಕ್ಷದ ಸರ್ಕಾರವಿದ್ದರೂ ರಾಜ್ಯಗಳು ಇದನ್ನು ಬಿಟ್ಟುಕೊಡಲು ಒಪ್ಪುವುದಿಲ್ಲ, ಏಕೆಂದರೆ ಅವು ಸ್ವಂತವಾಗಿ ಪ್ರಮಾಣ ನಿರ್ಧರಿಸಬಹುದಾದ ತೆರಿಗೆಗಳು ಕೈಬೆರಳೆಣಿಕೆಯಷ್ಟು ಉಳಿದಿವೆ.

ನನಗೆ ಹೆಚ್ಚು ಒಪ್ಪಿಗೆಯಾಗುವುದು ಬೇರೆ ದಾರಿ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ 2001ರಿಂದ ಪ್ರತಿ ಬಂಕೂ ನಾಳೆಯ ದರವನ್ನು ಇಂದೇ ಸರ್ಕಾರಕ್ಕೆ ತಿಳಿಸಬೇಕು. ಬೆಳಿಗ್ಗೆ 6ರಿಂದ 24 ಗಂಟೆ ಅದನ್ನು ಬದಲಿಸುವಂತಿಲ್ಲ. ಆಸ್ಟ್ರಿಯಾ 2011ರಲ್ಲಿ ಇನ್ನೊಂದು ನಿಯಮ ತಂದಿತು: ಏರಿಸುವುದಾದರೆ ದಿನಕ್ಕೊಮ್ಮೆ, ಮಧ್ಯಾಹ್ನ 12ಕ್ಕೆ. ಇಳಿಸುವುದಕ್ಕೆ ಮಾತ್ರ ಯಾವ ಹೊತ್ತೂ ಆಗಬಹುದು. ಎರಡೂ ಕಡೆ ಸರ್ಕಾರ ಹಿಡಿದದ್ದು ಬೆಲೆಯನ್ನಲ್ಲ, ಬದಲಾವಣೆಯ ರೀತಿಯನ್ನು. ನಮ್ಮಲ್ಲಿ ದಿನವಹಿ ದರದ ವ್ಯವಸ್ಥೆ ಇಂದಿಗೂ ರದ್ದಾಗಿಲ್ಲ. ಯಂತ್ರ, ಸರ್ವರ್, ಆರು ಗಂಟೆ ಎಲ್ಲವೂ ಸಿದ್ಧವಿದೆ. ಇಂದು ಕಚ್ಚಾತೈಲ ಇಷ್ಟು, ಡಾಲರ್ ಇಷ್ಟು, ಸುಂಕ ಇಷ್ಟು, ಆದ್ದರಿಂದ ದರ ಇಷ್ಟು ಎಂದು ಪ್ರತಿ ಬಂಕಿನ ಫಲಕದಲ್ಲಿ ಒಡೆದು ಬರೆಯಲಿ. ಏರಿದರೂ ಜನ ಸಹಿಸುತ್ತಾರೆ. ಏಕೆ ಏರಿತು, ಏಕೆ ಇಳಿಯಲಿಲ್ಲ ಎಂಬುದನ್ನು ಮುಚ್ಚಿಟ್ಟರೆ ಮಾತ್ರ ಸಹಿಸಲಾಗುವುದಿಲ್ಲ.

ಪೆರ್ಲದ ಕೃಷಿಕ

ಎಲ್ಲರಿಗೂ ಧನ್ಯವಾದ. ಅಲ್ಲಿ ಅಂಗಡಿಯವರ ಪೈಪೋಟಿ ದರವನ್ನು ಅಲುಗಾಡಿಸುತ್ತದೆ, ಇಲ್ಲಿ ಸರ್ಕಾರಗಳು ಹಿಡಿದಿಟ್ಟುಕೊಂಡಿವೆ ಎಂಬುದು ಅರ್ಥವಾಯಿತು. ಮ್ಯಾನೇಜರರೇ, ನನ್ನದೊಂದು ಸಣ್ಣ ಸಂದೇಹ ಉಳಿಯಿತು. ಹುಲ್ಲು ಕತ್ತರಿಸುವ ಯಂತ್ರಕ್ಕೆಂದು ಗಡಿಯಾಚೆಯ ಬಂಕಿನಿಂದ ಕ್ಯಾನಿನಲ್ಲಿ ಐದು ಲೀಟರ್ ತರಬಹುದೇ? ಕೆಲವು ಕಡೆ ಕೊಡುವುದಿಲ್ಲ ಎನ್ನುತ್ತಾರೆ.

ಬಂಕ್ ಮ್ಯಾನೇಜರ್, ಉಪ್ಪಳ ಕಡೆ

ಪ್ಲಾಸ್ಟಿಕ್ ಕ್ಯಾನ್, ಬಾಟಲಿಗೆ ಕೊಡುವಂತಿಲ್ಲ ಅಣ್ಣಾ, ಗಡಿಯ ಎರಡೂ ಕಡೆ ಅದೇ ನಿಯಮ. 1934ರ ಪೆಟ್ರೋಲಿಯಂ ಕಾಯ್ದೆಯ ಪ್ರಕಾರ ಸ್ವಂತ ಬಳಕೆಗೆ 30 ಲೀಟರಿನವರೆಗೆ ಪೆಟ್ರೋಲನ್ನು ಪರವಾನಗಿ ಇಲ್ಲದೆ ಇಟ್ಟುಕೊಳ್ಳಬಹುದು. ಲೋಹದ ಪಾತ್ರೆಯಾದರೆ 25 ಲೀಟರಿಗೆ ಮೀರಿರಬಾರದು, ಮುಚ್ಚಳ ಭದ್ರವಾಗಿರಬೇಕು. ಆದರೂ ಕೊಡುವುದು ಬಿಡುವುದು ಆ ಬಂಕಿನವರ ನಿರ್ಧಾರ, ಮೊದಲೇ ವಿಚಾರಿಸಿ ಹೋಗಿ. ಐದು ಲೀಟರಿಗೆ ಉಳಿಯುವುದು ಇಪ್ಪತ್ತು ರೂಪಾಯಿ. ಅದಕ್ಕೆಂದೇ ಹೋಗಿ ಬಂದರೆ ಸ್ಕೂಟರಿನ ಪೆಟ್ರೋಲಿಗೇ ಅದು ಮುಗಿಯುತ್ತದೆ. ವಿಟ್ಲಕ್ಕೋ ಪುತ್ತೂರಿಗೋ ಬೇರೆ ಕೆಲಸಕ್ಕೆ ಹೋದಾಗ ತನ್ನಿ. ಬಸ್ಸಿನಲ್ಲಿ ಮಾತ್ರ ಯಾವ ಕಾರಣಕ್ಕೂ ತರಬೇಡಿ.